ಜಿರ್ಕೋನಿಯಾ ಕ್ಯಾಪ್ ಕಳಚಿ ಬರದಿರಲು ಒಳಮೈ ಹೀಗೆ ಸಿದ್ಧಮಾಡಿ

ಇಂಪ್ಲಾಂಟ್ (ದವಡೆಯಲ್ಲಿ ಕೂರಿಸಿದ ಕೃತಕ ಹಲ್ಲಿನ ಬೇರು) ಮೇಲಿನ ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನ ಕ್ಯಾಪ್ ಕಳಚಿ ಬಂದರೆ ಎಲ್ಲರೂ ಮೊದಲು ಬೈಯುವುದು ಸಿಮೆಂಟನ್ನು. ಕಳಚಿದ ಕ್ಯಾಪಿನೊಳಗೆ ಇಣುಕಿ ನೋಡಿ. ಎಷ್ಟೋ ಸಲ ಸಿಮೆಂಟೆಲ್ಲ ಅಬಟ್‌ಮೆಂಟಿಗೇ (ಇಂಪ್ಲಾಂಟಿನ ಮೇಲೆ ಕ್ಯಾಪ್ ಹಿಡಿಯುವ ಗೂಟಕ್ಕೇ) ಅಂಟಿರುತ್ತದೆ, ಕ್ಯಾಪಿನ ಒಳಮೈ ಮಾತ್ರ ಆಗಷ್ಟೇ ತೊಳೆದಿಟ್ಟ ಬಟ್ಟಲಿನಂತೆ ಬೋಳಾಗಿರುತ್ತದೆ.

ಮೊದಲಿಗೆ ಆಸಿಡ್ ಆಸೆ ಬಿಡಿ. ಲಿಥಿಯಂ ಡೈಸಿಲಿಕೇಟ್ ಎಂಬ ಇನ್ನೊಂದು ಸೆರಾಮಿಕ್‌ನ ಕ್ಯಾಪಿನಲ್ಲಿ ಗಾಜಿನ ಅಂಶವಿದೆ. ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡಿನಲ್ಲಿ ಅದನ್ನು ಕರಗಿಸಿ ಮೈ ಒರಟು ಮಾಡುತ್ತದೆ. ಜಿರ್ಕೋನಿಯಾದಲ್ಲಿ ಗಾಜೇ ಇಲ್ಲ. ಅಲ್ಲಿ ಈ ಆಮ್ಲದಿಂದ ಕೈ ಸುಟ್ಟುಕೊಳ್ಳಬಹುದು, ಅಷ್ಟೇ.

ಹೆಜ್ಜೆ 1: ಕ್ಯಾಪ್ ಕೂರಿಸಿ ನೋಡಿ, ತೆಗೆದು ತೊಳೆಯಿರಿ, ಒಣಗಿಸಿ.

ಹೆಜ್ಜೆ 2: ಸ್ಯಾಂಡ್‌ಬ್ಲಾಸ್ಟ್, ಅಂದರೆ ಗಾಳಿಯ ಒತ್ತಡದಲ್ಲಿ ಪುಡಿ ಹೊಡೆದು ಮೈ ಒರಟು ಮಾಡುವುದು. ಕೆಲಸ ಕೆಡುವುದೇ ಇಲ್ಲಿ. 50 ಮೈಕ್ರಾನ್ ಅಲ್ಯೂಮಿನಾ ಪುಡಿ, 1ರಿಂದ 2 ಬಾರ್ ಒತ್ತಡ, ನಳಿಕೆಗೂ ಕ್ಯಾಪಿಗೂ ಸುಮಾರು 1 ಸೆಂ.ಮೀ. ಅಂತರ. ಒಳಮೈಗೆಲ್ಲ ಮೊದಲು ಪೆನ್ಸಿಲ್ ಬಳಿಯಿರಿ. ನಳಿಕೆ ಒಂದೇ ಕಡೆ ನಿಲ್ಲದಂತೆ ಆಡಿಸುತ್ತಾ ಹೋಗಿ. ಕಪ್ಪು ಅಳಿದು, ಹೊಳಪು ಮಾಸಿದ ತಕ್ಷಣ ನಿಲ್ಲಿಸಿ. ಮೂಲೆಗಳಲ್ಲಿ ಉಳಿದ ಕಪ್ಪೇ ನೀವು ಬಿಟ್ಟ ಜಾಗ. ಬೇಗ ಮುಗಿಯಲೆಂದು ದಪ್ಪ ಪುಡಿ ಹಾಕಿ ಒತ್ತಡ ಏರಿಸುವವರನ್ನು ಕಂಡಿದ್ದೇನೆ. ಅಂಥ ಹೊಡೆತಕ್ಕೆ ಮೇಲ್ಪದರದ ಹರಳುಗಳು ರೂಪ ಬದಲಿಸಿ ಉಬ್ಬುತ್ತವೆ, ಕಣ್ಣಿಗೆ ಕಾಣದ ಬಿರುಕುಗಳೂ ಏಳುತ್ತವೆ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಬರುತ್ತಿದ್ದರಂತೂ ಈ ಶ್ರಮವೆಲ್ಲ ವ್ಯರ್ಥ.

ಬ್ಲಾಸ್ಟ್ ಲ್ಯಾಬಿನಲ್ಲೇ ಆಗಿ ಬಂದಿದೆಯೇ? ಬಾಯಲ್ಲಿಟ್ಟು ನೋಡಿದ ಕೂಡಲೇ ಜೊಲ್ಲಿನ ಫಾಸ್ಫೇಟ್ ಜಿರ್ಕೋನಿಯಾಕ್ಕೆ ಕಚ್ಚಿಕೊಳ್ಳುತ್ತದೆ, ನೀರಿಗೆ ಹೋಗದು. ಪ್ರೈಮರ್ (ಸಿಮೆಂಟ್ ಹಿಡಿಯಲೆಂದು ಅದಕ್ಕೂ ಮೊದಲು ಹಚ್ಚುವ ದ್ರವ) ಹಿಡಿಯಬೇಕಾದ್ದೂ ಅದೇ ಜಾಗ. ಹಲ್ಲಿಗೆ ಬಳಸುವ ನೀಲಿ ಎಚ್ಚಿಂಗ್ ಜೆಲ್‌ನಿಂದ ಒರೆಸುವ ಅಡ್ಡದಾರಿ ಬಹಳ ಜನಪ್ರಿಯ. ಅದು ಫಾಸ್ಫಾರಿಕ್ ಆಮ್ಲ. ಕೊಳೆ ತೆಗೆಯಲು ಹೋಗಿ ಇನ್ನಷ್ಟು ಫಾಸ್ಫೇಟ್ ಬಳಿದಂತೆ! ಜಿರ್ಕೋನಿಯಾಗೆಂದೇ ಇರುವ ಕ್ಲೀನಿಂಗ್ ಪೇಸ್ಟ್ 20 ಸೆಕೆಂಡ್ ಹಚ್ಚಿ ತೊಳೆಯಬಹುದು. ನನ್ನ ಕೇಳಿದರೆ, ಬಾಯಲ್ಲಿಟ್ಟು ನೋಡಿದ ನಂತರವೇ ಬ್ಲಾಸ್ಟ್ ಮಾಡಿ, ಜಗಳವೇ ಇಲ್ಲ.

ಹೆಜ್ಜೆ 3: ಪ್ರೈಮರ್ ತೆಳ್ಳಗೆ ಹಚ್ಚಿ ಗಾಳಿ ಊದಿ. ‘ಎಲ್ಲ ಸೆರಾಮಿಕ್‌ಗೂ ಸೈ’ ಎಂಬ ಬಾಟಲಿಯನ್ನು ತಿರುಗಿಸಿ ಓದಿ: ಎಂಡಿಪಿ (ಜಿರ್ಕೋನಿಯಾಕ್ಕೆ ಕಚ್ಚಿಕೊಳ್ಳುವ ಫಾಸ್ಫೇಟ್ ಅಂಶ) ಎಂದಿರಬೇಕು. ಬರೀ ಸಿಲೇನ್ (ಗಾಜಿನ ಅಂಶಕ್ಕೆ ಅಂಟುವ ರಾಸಾಯನಿಕ) ಇದ್ದರೆ ಜಿರ್ಕೋನಿಯಾಗೆ ಪ್ರಯೋಜನವಿಲ್ಲ. ಹಚ್ಚಿದ ಮೇಲೆ ಬೆರಳು ತಾಗಿಸಬೇಡಿ.

ಹೆಜ್ಜೆ 4: ರೆಸಿನ್ ಸಿಮೆಂಟ್ ಒಳಗೋಡೆಗೆ ತೆಳ್ಳಗೆ ಸವರಿದರೆ ಸಾಕು. ಮೊದಲು ಅಬಟ್‌ಮೆಂಟಿನ ನಕಲಿನ ಮೇಲೆ ಹೊರಗೇ ಒಮ್ಮೆ ಒತ್ತಿ, ಉಕ್ಕಿದ್ದನ್ನು ಒರೆಸಿ, ತಡಮಾಡದೆ ಬಾಯಲ್ಲಿ ಕೂರಿಸಿ. ಒಸಡಿನ ಕೆಳಗೆ ಉಳಿದ ಸಿಮೆಂಟ್ ಇಂಪ್ಲಾಂಟ್ ಸುತ್ತ ಉರಿಯೂತ ತರುತ್ತದೆ. ಅಂಚಿನ ಸುತ್ತ ಫ್ಲಾಸ್ ಎಳೆಯದೆ ರೋಗಿಯನ್ನು ಕುರ್ಚಿಯಿಂದ ಏಳಿಸಬೇಡಿ.