ಮಲದ ಜೊತೆ ರಕ್ತ ಹೋದರೆ ಏನು ನೋಡಬೇಕು, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ಮಲದಲ್ಲಿ ರಕ್ತ ಕಂಡಾಗ ಕೆಲವರು ಕ್ಯಾನ್ಸರೇ ಇರಬೇಕು ಅಂತ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಇನ್ನು ಕೆಲವರು ಪೈಲ್ಸ್ ಇರಬೇಕು ಬಿಡು ಅಂತ ತಾವೇ ತೀರ್ಮಾನಿಸಿ, ನಾಚಿಕೆಗೆ ಮನೆಯವರಿಗೂ ಹೇಳದೆ ವರ್ಷಗಟ್ಟಲೆ ತಳ್ಳುತ್ತಾರೆ. ನನಗೆ ಹೆಚ್ಚು ಚಿಂತೆ ಈ ಎರಡನೆಯವರದ್ದೇ. ಬಹಳಷ್ಟು ಸಲ ಅದು ಪೈಲ್ಸ್ ಅಥವಾ ಗುದದ್ವಾರದ ಬಿರುಕು, ಅಂದರೆ ಫಿಷರ್ರೇ ಆಗಿರುತ್ತದೆ, ನಿಜ. ಆದರೆ ಆ ಮಾತನ್ನು ಪರೀಕ್ಷೆ ಮಾಡಿ ನೋಡಿದವರು ಹೇಳಬೇಕು.

ಮೊದಲು ಫ್ಲಷ್ ಮಾಡುವ ಮುಂಚೆ ಸರಿಯಾಗಿ ನೋಡಿ. ಅಸಹ್ಯ ಅನಿಸಿದರೂ ನೋಡಿ. ರಕ್ತದ ಬಣ್ಣ ಏನು? ಮಲದ ಮೇಲೆ ಗೆರೆಯ ಹಾಗಿದೆಯಾ, ಒಳಗೇ ಕಲೆತಿದೆಯಾ, ಆಮೇಲೆ ತೊಟ್ಟು ತೊಟ್ಟಾಗಿ ಬಿತ್ತಾ? ನೋವಿತ್ತಾ? ಲೋಳೆ ಇತ್ತಾ? ಯಾವತ್ತಿನಿಂದ, ಎಷ್ಟು ಸಲ? ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೂ ತಪ್ಪಿಲ್ಲ, ಡಾಕ್ಟರ ಮುಂದೆ ಬಾಯಲ್ಲಿ ಹೇಳುವುದಕ್ಕಿಂತ ಅದು ಸುಲಭ.

ತಾಜಾ ಕೆಂಪು ರಕ್ತ, ನೋವಿಲ್ಲ, ಮಲ ಹೋದ ಮೇಲೆ ತೊಟ್ಟಿಕ್ಕುತ್ತದೆ ಅಂದರೆ ಪೈಲ್ಸ್ ಇರಬಹುದು. ಗುದದ ಹತ್ತಿರದ ರಕ್ತನಾಳಗಳು ಊದಿಕೊಳ್ಳುವುದೇ ಪೈಲ್ಸ್. ಮಲಬದ್ಧತೆ, ತಿಣುಕುವುದು, ಟಾಯ್ಲೆಟ್‌ನಲ್ಲಿ ತುಂಬಾ ಹೊತ್ತು ಕೂರುವುದು, ಗರ್ಭಿಣಿಯಾಗಿರುವುದು ಇವೆಲ್ಲ ಅದಕ್ಕೆ ದಾರಿ. ಫಿಷರ್ ಬೇರೆ. ಗಟ್ಟಿ ಮಲ ಹೋಗುವಾಗ ಗುದದ್ವಾರದ ಚರ್ಮ ಬಿರಿಯುತ್ತದೆ, ಗಾಜಿನ ಚೂರು ಕೊಯ್ದ ಹಾಗೆ ನೋವು, ಆಮೇಲೂ ಒಂದೆರಡು ಗಂಟೆ ಉರಿ. ನೋವಿಗೆ ಹೆದರಿ ಮಲ ತಡೆದುಕೊಂಡರೆ ಅದು ಇನ್ನೂ ಗಟ್ಟಿಯಾಗುತ್ತದೆ, ಮತ್ತೆ ಬಿರಿಯುತ್ತದೆ. ಮಕ್ಕಳಲ್ಲೂ ರಕ್ತಕ್ಕೆ ಇದೇ ಸಾಮಾನ್ಯ ಕಾರಣ.

ಹೊಟ್ಟೆ ನುಲಿತ, ಜ್ವರ, ಲೋಳೆ ಜೊತೆ ರಕ್ತಭೇದಿ ಆದರೆ ಸೋಂಕು ಇರಬಹುದು. ಅದೇ ವಾರಗಟ್ಟಲೆ ನಡೆದು ತೂಕವೂ ಇಳಿಯುತ್ತಿದ್ದರೆ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಅನ್ನುವ ಕರುಳಿನ ಉರಿಯೂತ ಇದೆಯಾ ಅಂತ ನೋಡಬೇಕಾಗುತ್ತದೆ. ವಯಸ್ಸಾದವರಲ್ಲಿ ದೊಡ್ಡ ಕರುಳಿನ ಗೋಡೆಯಲ್ಲಿ ಆದ ಸಣ್ಣ ಚೀಲಗಳಿಂದ, ನೋವೇ ಇಲ್ಲದೆ, ಇದ್ದಕ್ಕಿದ್ದ ಹಾಗೆ ತುಂಬಾ ರಕ್ತ ಹೋಗಬಹುದು. ಪಾಲಿಪ್, ಅಂದರೆ ಕರುಳಿನೊಳಗೆ ಬೆಳೆಯುವ ಸಣ್ಣ ಗಂಟು, ಕೂಡ ರಕ್ತ ಸುರಿಸುತ್ತದೆ. ಕೆಲವು ಪಾಲಿಪ್‌ಗಳು ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತವೆ, ಮೊದಲೇ ತೆಗೆದುಹಾಕಿದರೆ ಆ ಅಪಾಯ ತಪ್ಪುತ್ತದೆ. ಪೈಲ್ಸ್ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಆದರೆ ಪೈಲ್ಸ್ ಇರುವವರಿಗೇ ಕರುಳಲ್ಲಿ ಗೆಡ್ಡೆಯೂ ಇರಬಹುದು ಅಲ್ವಾ? ಹಳೇ ಪೈಲ್ಸ್ ಅಂತ ಸುಮ್ನೆ ಕೂರಬೇಡಿ ಅನ್ನುವುದು ಅದಕ್ಕೇ.

ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ನಾರುವ ಮಲ ಬಂದರೆ ರಕ್ತ ಮೇಲಿನಿಂದ, ಹೊಟ್ಟೆಯ ಹುಣ್ಣಿನಂಥ ಕಡೆಯಿಂದ ಬರುತ್ತಿರಬಹುದು. ನೋವಿನ ಮಾತ್ರೆ ಜಾಸ್ತಿ ನುಂಗುವವರು ಇದನ್ನು ನೆನಪಿಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪಾಗುತ್ತದೆ. ಅನುಮಾನ ಇದ್ದರೆ ಕೇಳಿಬಿಡಿ.

ಕಪ್ಪು ಅಂಟು ಮಲ, ನಿಲ್ಲದ ರಕ್ತ, ಗಡ್ಡೆಗಡ್ಡೆಯಾಗಿ ರಕ್ತ, ತಲೆಸುತ್ತು, ತಣ್ಣನೆ ಬೆವರು, ಎದೆ ಡವಡವ, ತಡೆಯಲಾರದ ಹೊಟ್ಟೆನೋವು, ರಕ್ತವಾಂತಿ: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ನೀವೇ ಗಾಡಿ ಓಡಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಸ್ವಲ್ಪ ರಕ್ತ ಕಂಡರೂ ಅವತ್ತೇ ಡಾಕ್ಟರಿಗೆ ಹೇಳಿ, ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಅಂಥ ತುರ್ತು ಇಲ್ಲದಿದ್ದರೂ ಕೆಲವರು ಕೆಲವೇ ದಿನಗಳಲ್ಲಿ ತೋರಿಸಲೇಬೇಕು. ವಯಸ್ಸು 45 ದಾಟಿದವರು, ತಂದೆ ತಾಯಿ ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರ್ ಇದ್ದವರು, ಕಾರಣವಿಲ್ಲದೆ ತೂಕ ಇಳಿದವರು, ರಕ್ತಹೀನತೆ ಇರುವವರು, ಮಲ ಹೋಗುವ ರೀತಿಯೇ ಬದಲಾದವರು, ಹೋಗಿ ಬಂದರೂ ಇನ್ನೂ ಇದೆ ಅನಿಸುವವರು. ಉಳಿದವರೂ, ಚಿಕ್ಕ ವಯಸ್ಸಾದರೂ, ರಕ್ತ ಮತ್ತೆ ಮತ್ತೆ ಬಂದರೆ ಹೋಗಿ. ಮಗುವಿಗಾದರೆ ಒಂದೇ ಸಲ ಕಂಡರೂ ತೋರಿಸಿ.

ಅಲ್ಲಿ ಏನು ಮಾಡುತ್ತಾರೋ ಅನ್ನುವ ಭಯಕ್ಕೇ ಹಲವರು ಹೋಗುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ಹೊಟ್ಟೆ ಮುಟ್ಟಿ ನೋಡುತ್ತಾರೆ, ಗ್ಲೌಸ್ ಹಾಕಿ ಬೆರಳಿಂದ ಪರೀಕ್ಷಿಸುತ್ತಾರೆ, ಬೇಕಿದ್ದರೆ ಪುಟ್ಟ ಕೊಳವೆಯಂಥ ಪ್ರಾಕ್ಟೋಸ್ಕೋಪ್ ಇಟ್ಟು ನೋಡುತ್ತಾರೆ. ಒಂದೆರಡು ನಿಮಿಷದ ಕೆಲಸ. ಮುಜುಗರ ಆಗುತ್ತದೆ, ಆಗಲಿ. ಹಿಮೋಗ್ಲೋಬಿನ್ ಪರೀಕ್ಷೆ ಬರೆಯಬಹುದು, ಅನುಮಾನ ಇದ್ದರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಉದ್ದನೆಯ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ಅದರಲ್ಲಿ ನಿಜವಾದ ಕಷ್ಟ ಹಿಂದಿನ ದಿನ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಳ್ಳುವುದು, ಪರೀಕ್ಷೆಯ ಹೊತ್ತಿಗೆ ಸಾಮಾನ್ಯವಾಗಿ ಮಂಪರು ಬರಿಸುತ್ತಾರೆ.

ಪೈಲ್ಸೋ ಫಿಷರ್ರೋ ಅಂತ ಖಚಿತವಾದರೆ ಮನೆಯಲ್ಲಿ ಮಾಡುವುದು ಬಹಳವಿದೆ. ನೀರು ಚೆನ್ನಾಗಿ ಕುಡಿಯಿರಿ. ನಾರಿನಂಶ ಇರುವ ತರಕಾರಿ, ಹಣ್ಣು, ಕಾಳು ಜಾಸ್ತಿ ಮಾಡಿ, ಒಂದೇ ದಿನಕ್ಕಲ್ಲ, ನಿಧಾನವಾಗಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಒತ್ತಡ ಬಂದಾಗ ತಡೆಯಬೇಡಿ, ಬಾರದಾಗ ತಿಣುಕಬೇಡಿ, ಫೋನು ಹೊರಗಿಡಿ. ಬೆಚ್ಚಗಿನ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂತರೆ ಫಿಷರ್ ನೋವು ಎಷ್ಟೋ ಇಳಿಯುತ್ತದೆ. ಖಚಿತ ಗೊತ್ತಾಗುವ ಮುಂಚೆ ಮಾತ್ರ ಅಂಗಡಿಯ ಕ್ರೀಮು, ಯಾರೋ ಹೇಳಿದ ಪುಡಿ ಅಂತ ತಿಂಗಳು ಕಳೆಯಬೇಡಿ.

ಚಿಕಿತ್ಸೆ ಸರಿಯಾಗಿ ಮಾಡಿಯೂ ಡಾಕ್ಟರ್ ಹೇಳಿದ ಸಮಯಕ್ಕೆ ರಕ್ತ ನಿಲ್ಲದಿದ್ದರೆ ಮತ್ತೆ ಹೋಗಿ. "ಕರುಳಿನ ಒಳಗೆ ನೋಡಿಸಬೇಕಾ?" ಅಂತ ನೀವೇ ಬಾಯಿ ಬಿಟ್ಟು ಕೇಳಿ.