ಬ್ರೇಕ್ ಗಟ್ಟಿಯಿರಲಿ: ಸಿಮ್ ರೇಸಿಂಗ್ ಪೆಡಲ್, ಗೇರ್ ಶಿಫ್ಟರ್ ನೀವೇ ಮಾಡಿಕೊಳ್ಳಿ

ರೇಸಿಂಗ್ ಸಿಮ್ಯುಲೇಟರ್ ಹುಚ್ಚು ಹಿಡಿದವರು ಮೊದಲು ದುಡ್ಡು ಸುರಿಯುವುದು ಸ್ಟೀರಿಂಗ್ ವೀಲ್ ಮೇಲೆ. ಅದರ ಜೊತೆ ಬಂದ ಹಗುರ ಪ್ಲಾಸ್ಟಿಕ್ ಪೆಡಲ್‌ನಲ್ಲೇ ಕಾಲ ತಳ್ಳುತ್ತಾ, ಒಂದು ತಿರುವಿನಲ್ಲಿ ಬ್ರೇಕ್ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಯಾಕಾಗುತ್ತದೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಲ್ಯಾಪ್ ಟೈಮ್ ಕೈಬಿಟ್ಟು ಹೋಗುವುದು ಹೆಚ್ಚಾಗಿ ಅಲ್ಲೇ.

ಪೆಡಲ್, ಗೇರ್ ಶಿಫ್ಟರ್ ಎರಡನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಸ್ಟೀರಿಂಗ್‌ನಲ್ಲಿ ಇರುವ ಹಾಗೆ ಇವುಗಳೊಳಗೆ ಮೋಟಾರ್ ಇಲ್ಲ. ಒಂದು ಸನ್ನೆ, ಒಂದು ಸ್ಪ್ರಿಂಗ್, ಒಂದು ಸೆನ್ಸರ್, ಅಷ್ಟೇ. ಡ್ರಿಲ್ ಹಿಡಿಯಲು, ನಾಲ್ಕು ವೈರ್ ಸೋಲ್ಡರ್ ಮಾಡಲು ಬಂದರೆ ಸಾಕು. ಆದರೆ ಇದು ಕಂಪ್ಯೂಟರ್‌ನಲ್ಲಿ ಆಡುವವರಿಗೆ ಮಾತ್ರ. ಗೇಮ್ ಕನ್ಸೋಲ್‌ಗಳು ಇಂಥ ಮನೆಯಲ್ಲಿ ಮಾಡಿದ ಸಾಧನಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮೊದಲು ಬೋರ್ಡ್

ಸೆನ್ಸರ್ ಹೇಳಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸಲು ಆರ್ಡುಯಿನೋ ಬೇಕು, ಅಂದರೆ ನಾವೇ ಪ್ರೋಗ್ರಾಂ ತುಂಬಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್. ಅದರಲ್ಲಿ ಹತ್ತಾರು ಬಗೆ. ನಮಗೆ ಬೇಕಾದದ್ದು ಲಿಯೊನಾರ್ಡೊ ಅಥವಾ ಪುಟ್ಟ ಪ್ರೊ ಮೈಕ್ರೋ. ಎರಡರಲ್ಲೂ ಎಟಿಮೆಗಾ32ಯು4 ಚಿಪ್ ಇರುತ್ತದೆ. ಯುಎಸ್‌ಬಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಮುಂದೆ ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುವುದು ಈ ಚಿಪ್‌ಗೆ ಸಲೀಸು. ತುಂಬಾ ಜನರ ಬಳಿ ಇರುವ ಊನೋ ಆರ್3ಗೆ ಅದು ಬರುವುದಿಲ್ಲ, ಹಾಗಾಗಿ ಮನೆಯಲ್ಲಿ ಇದೆಯಲ್ಲ ಅಂತ ಅದನ್ನೇ ಹಿಡಿದು ಕೂರಬೇಡಿ. ಪ್ರೊ ಮೈಕ್ರೋದಲ್ಲಿ 3.3 ವೋಲ್ಟ್ ಮತ್ತು 5 ವೋಲ್ಟ್ ಎರಡೂ ಸಿಗುತ್ತವೆ. 5 ವೋಲ್ಟಿನದ್ದನ್ನೇ ತೆಗೆದುಕೊಳ್ಳಿ. ಪ್ರೋಗ್ರಾಂ ವಿಷಯಕ್ಕೆ ಹೆದರಬೇಕಿಲ್ಲ. ಆರ್ಡುಯಿನೋಗೆ ಜಾಯ್‌ಸ್ಟಿಕ್ ಲೈಬ್ರರಿ ಉಚಿತವಾಗಿ ಸಿಗುತ್ತದೆ. ಸೆನ್ಸರ್ ಓದು, ಅಂಕಿಯನ್ನು ಹೊಂದಿಸು, ಕಂಪ್ಯೂಟರಿಗೆ ಕಳಿಸು. ಇಷ್ಟನ್ನೇ ಅದು ಮತ್ತೆ ಮತ್ತೆ ಮಾಡುತ್ತಿರುತ್ತದೆ.

ಚೌಕಟ್ಟು ಅಲ್ಲಾಡಬಾರದು

ತಳಕ್ಕೆ 18 ಮಿ.ಮೀ. ಪ್ಲೈವುಡ್ ಸಾಕು. ಪೆಡಲ್ ತೋಳಿಗೆ ಕಬ್ಬಿಣದ ಪಟ್ಟಿ ಅಥವಾ ದಪ್ಪ ಅಲ್ಯೂಮಿನಿಯಂ. ಬ್ರೇಕ್‌ಗೆ ಮಾತ್ರ ಕಬ್ಬಿಣವೇ ಇರಲಿ, ಅದು ತಿನ್ನುವ ಪೆಟ್ಟು ಬೇರೆಯೇ. ತೋಳು ತಿರುಗುವ ಜಾಗಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ, ಎರಡೂ ಬದಿ 608 ಬೇರಿಂಗ್ ಕೂರಿಸಿ. ಸ್ಕೇಟಿಂಗ್ ಶೂ ಚಕ್ರದಲ್ಲಿ ಇರುತ್ತದಲ್ಲ, ಅದೇ. ಒಳರಂಧ್ರ 8 ಮಿ.ಮೀ., ಹೊರ ಅಳತೆ 22 ಮಿ.ಮೀ. ಕೊನೆಗೆ ನೈಲಾಕ್ ನಟ್, ಅಂದರೆ ಒಳಗೆ ನೈಲಾನ್ ಬಳೆ ಇರುವ ನಟ್. ಮಾಮೂಲಿ ನಟ್ ಹಾಕಿದರೆ ಆಡುತ್ತಾ ಆಡುತ್ತಾ ಸಡಿಲವಾಗುತ್ತದೆ.

ತೋಳನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ವಾಷರ್ ಸೇರಿಸಿ ಸರಿ ಮಾಡಿಕೊಳ್ಳಿ, ಆಮೇಲೆ ಮುಂದಕ್ಕೆ ಹೋಗಿ. ಈ ಹಂತದಲ್ಲಿ ಬಿಟ್ಟ ಸಡಿಲು ಆಮೇಲೆ ಸೆನ್ಸರ್‌ನಲ್ಲಿ ಕಾಣಿಸಿಕೊಳ್ಳುತ್ತದೆ, ಆಗ ತಪ್ಪು ವೈರಿನದ್ದೋ ಪ್ರೋಗ್ರಾಂನದ್ದೋ ಅಂತ ಹುಡುಕುತ್ತಾ ರಾತ್ರಿಯೆಲ್ಲ ಹೋಗುತ್ತದೆ.

ಇನ್ನೊಂದು: ಪೆಡಲ್ ತಳ ಮತ್ತು ಕೂರುವ ಕುರ್ಚಿ ಎರಡೂ ಒಂದಕ್ಕೊಂದು ಕಟ್ಟಿಕೊಂಡಿರಬೇಕು. ಚಕ್ರದ ಕುರ್ಚಿಯಲ್ಲಿ ಕೂತು ಗಟ್ಟಿ ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತದೆ, ನೀವು ಹಿಂದಕ್ಕೆ ಹೋಗುತ್ತೀರಿ.

ಆಕ್ಸಿಲರೇಟರ್ ಮತ್ತು ಕ್ಲಚ್

ಇವೆರಡಕ್ಕೂ ಪೆಡಲ್ ಎಷ್ಟು ಸರಿಯಿತು ಅನ್ನುವುದು ಗೊತ್ತಾದರೆ ಸಾಕು. ಸುಲಭದ ದಾರಿ 10 ಕಿಲೋ ಓಮ್ ಪೊಟೆನ್ಷಿಯೊಮೀಟರ್, ಅಂದರೆ ತಿರುಗಿಸಿದಷ್ಟು ವೋಲ್ಟೇಜ್ ಬದಲಿಸುವ ಗುಂಡಿ. ಮೇಲೆ ಬಿ10ಕೆ ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಎ ಅಕ್ಷರದ್ದು ಸಾಮಾನ್ಯವಾಗಿ ಆಡಿಯೋ ವಾಲ್ಯೂಮ್‌ಗೆ ಮಾಡಿದ್ದು, ಅದರಲ್ಲಿ ಏರಿಕೆ ಸಮನಾಗಿರುವುದಿಲ್ಲ. ಆಚೆ ಈಚೆ ಇರುವ ಎರಡು ಕಾಲುಗಳಲ್ಲಿ ಒಂದು 5 ವೋಲ್ಟ್‌ಗೆ, ಇನ್ನೊಂದು ಗ್ರೌಂಡ್‌ಗೆ. ನಡುವಿನದು ಬೋರ್ಡಿನ ಎ0 ಪಿನ್‌ಗೆ.

ಆದರೆ ಇಲ್ಲೊಂದು ಲೆಕ್ಕ ಇದೆ. ಪೊಟೆನ್ಷಿಯೊಮೀಟರ್ ಪೂರ್ತಿ ತಿರುಗುವುದು ಸುಮಾರು 300 ಡಿಗ್ರಿ. ಪೆಡಲ್ ತಿರುಗುವುದು ಹೆಚ್ಚೆಂದರೆ 25 ಡಿಗ್ರಿ, ಅಂದರೆ 12ರಲ್ಲಿ ಒಂದು ಪಾಲು. ಬೋರ್ಡ್ 0ಯಿಂದ 1023ರವರೆಗೆ ಓದಬಲ್ಲದು, ನಮಗೆ ಸಿಗುವುದು ಅದರಲ್ಲಿ ಸುಮಾರು 85 ಮೆಟ್ಟಿಲು ಮಾತ್ರ. ಪೆಡಲ್‌ಗೆ ದೊಡ್ಡ ಹಲ್ಲಿನ ಚಕ್ರ, ಪೊಟೆನ್ಷಿಯೊಮೀಟರ್‌ಗೆ ಅದರ ಕಾಲು ಭಾಗದ ಚಿಕ್ಕದು ಹಾಕಿದರೆ 340 ಮೆಟ್ಟಿಲಾಗುತ್ತದೆ. ಕ್ಲಚ್‌ಗೆ ಇಷ್ಟೆಲ್ಲ ಬೇಡ. ಆಕ್ಸಿಲರೇಟರ್‌ಗೆ ಮಾಡಿದರೆ ಒಳ್ಳೆಯದು, ತಿರುವಿನಿಂದ ಹೊರಬರುವಾಗ ಕಾಲನ್ನು ಹದವಾಗಿ ಇಳಿಸಲು ಆಗುತ್ತದೆ.

ಪೊಟೆನ್ಷಿಯೊಮೀಟರ್ ಒಳಗೆ ಉಜ್ಜಾಟ ಇರುವುದರಿಂದ ಸವೆಯುತ್ತದೆ, ಧೂಳು ಕೂತು ಅಂಕಿ ಜಿಗಿಯುತ್ತದೆ. ಅದು ಬೇಡ ಅನ್ನುವವರಿಗೆ ಮ್ಯಾಗ್ನೆಟ್ ಅನ್ನು ಮುಟ್ಟದೆಯೇ ಗುರುತಿಸುವ 49ಇ ಹಾಲ್ ಸೆನ್ಸರ್ ಇದೆ. 5 ವೋಲ್ಟ್ ಕೊಟ್ಟರೆ, ಮ್ಯಾಗ್ನೆಟ್ ಹತ್ತಿರ ಇಲ್ಲದಾಗ ಸುಮಾರು 2.5 ವೋಲ್ಟ್ ತೋರಿಸುತ್ತದೆ. ಮ್ಯಾಗ್ನೆಟ್‌ನ ಒಂದು ಮುಖ ಬಂದರೆ ಏರುತ್ತದೆ, ಇನ್ನೊಂದು ಮುಖ ಬಂದರೆ ಇಳಿಯುತ್ತದೆ. ಎರಡು ಚಿಕ್ಕ ನಿಯೋಡಿಮಿಯಂ ಮ್ಯಾಗ್ನೆಟ್‌ಗಳನ್ನು ಪಕ್ಕಪಕ್ಕ, ಒಂದರ ಉತ್ತರ ಧ್ರುವ ಇನ್ನೊಂದರ ದಕ್ಷಿಣ ಧ್ರುವ ಸೆನ್ಸರ್ ಕಡೆ ನೋಡುವಂತೆ ತೋಳಿಗೆ ಅಂಟಿಸಿ, ಸೆನ್ಸರ್ ಎದುರು ಸರಿದು ಹೋಗುವ ಹಾಗೆ ಮಾಡಿದರೆ ಏರಿಳಿತ ಹೆಚ್ಚುಕಮ್ಮಿ ಸಮನಾಗಿ ಬರುತ್ತದೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಸವೆಯುವ ಮಾತೇ ಇಲ್ಲ.

ಬ್ರೇಕ್: ಸಮಯ ಕೊಡಬೇಕಾದದ್ದು ಇಲ್ಲೇ

ನಿಜವಾದ ರೇಸ್ ಕಾರಿನ ಬ್ರೇಕ್ ಪೆಡಲ್ ಸರಿಯುವುದು ಸ್ವಲ್ಪವೇ. ಆಮೇಲೆ ಎಲ್ಲವೂ ಒತ್ತಡ. ಕಾಲಿಗೂ ಎಷ್ಟು ದೂರ ಒತ್ತಿದೆ ಅನ್ನುವುದಕ್ಕಿಂತ ಎಷ್ಟು ಬಲವಾಗಿ ಒತ್ತಿದೆ ಅನ್ನುವುದು ಚೆನ್ನಾಗಿ ನೆನಪಿರುತ್ತದೆ. ಅದಕ್ಕೇ ಬ್ರೇಕ್‌ಗೆ ಲೋಡ್ ಸೆಲ್ ಬೇಕು. ತೂಕದ ಯಂತ್ರದೊಳಗೆ ಇರುವ ಅಲ್ಯೂಮಿನಿಯಂ ತುಂಡು ಇದೇ. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ.

ಎಷ್ಟು ಕೆ.ಜಿ.ಯ ಸೆಲ್ ಬೇಕು? ಪಾದ ಇಡುವ ಜಾಗ ತಿರುಗುವ ಬೋಲ್ಟ್‌ನಿಂದ 200 ಮಿ.ಮೀ. ದೂರ ಇದೆ, ಸೆಲ್ ಅನ್ನು ತಳ್ಳುವ ರಾಡ್ 50 ಮಿ.ಮೀ. ದೂರದಲ್ಲಿದೆ ಅಂದುಕೊಳ್ಳಿ. ಸನ್ನೆಯ ಲೆಕ್ಕದಲ್ಲಿ ಬಲ 4 ಪಟ್ಟು. ಕಾಲಿನಿಂದ 30 ಕೆ.ಜಿ. ಒತ್ತಿದರೆ ಸೆಲ್ ಮೇಲೆ 120 ಕೆ.ಜಿ. ಬೀಳುತ್ತದೆ. 100 ಕೆ.ಜಿ.ಯ ಸೆಲ್ ಆಗಿದ್ದರೆ ಅದರ ಮಿತಿ ದಾಟಿತು. ರಾಡನ್ನು 80 ಮಿ.ಮೀ.ಗೆ ಏರಿಸಿ, 2.5 ಪಟ್ಟು ಆಯಿತು, ಸೆಲ್ ಮೇಲೆ 75 ಕೆ.ಜಿ. ಇನ್ನು ಆರಾಮ. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡೇ ರಂಧ್ರ ಕೊರೆಯಿರಿ.

ಕೂರಿಸುವಾಗ ಸೆಲ್‌ನ ಒಂದು ತುದಿ ಮಾತ್ರ ತಳಕ್ಕೆ ಬೋಲ್ಟ್ ಆಗಿರಬೇಕು, ಕೆಳಗೆ ದಪ್ಪ ವಾಷರ್ ಇಟ್ಟು ಎತ್ತರಿಸಿ. ಇನ್ನೊಂದು ತುದಿ ಗಾಳಿಯಲ್ಲಿರಲಿ. ಇಡೀ ಸೆಲ್ ತಳಕ್ಕೆ ಒರಗಿದ್ದರೆ ಬಾಗಲು ಜಾಗವೇ ಇಲ್ಲ, ಅಂಕಿಯೂ ಬದಲಾಗುವುದಿಲ್ಲ.

ಸೆಲ್ ಅನ್ನು ನೇರವಾಗಿ ಆರ್ಡುಯಿನೋಗೆ ಸಿಕ್ಕಿಸಿ ಪ್ರಯೋಜನವಿಲ್ಲ. ಪೂರ್ತಿ ಒತ್ತಿದಾಗಲೂ ಅದರಿಂದ ಬರುವುದು 5ರಿಂದ 10 ಮಿಲಿವೋಲ್ಟ್. ಬೋರ್ಡಿನ ಒಂದು ಮೆಟ್ಟಿಲೇ ಸುಮಾರು 4.9 ಮಿಲಿವೋಲ್ಟ್! ಹಾಗಾಗಿ ನಡುವೆ ಈ ಸಣ್ಣ ಸಿಗ್ನಲ್ ಅನ್ನು ಹಿಗ್ಗಿಸಿ ಅಂಕಿಯಾಗಿಸುವ ಎಚ್‌ಎಕ್ಸ್711 ಅನ್ನುವ ಪುಟ್ಟ ಬೋರ್ಡ್ ಬೇಕು. ಕೆಂಪು, ಕಪ್ಪು ವೈರ್ ವಿದ್ಯುತ್ತಿಗೆ, ಹಸಿರು, ಬಿಳಿ ಸಿಗ್ನಲ್‌ಗೆ ಅನ್ನುವುದು ಸಾಮಾನ್ಯ ರೂಢಿ, ಆದರೂ ಸೆಲ್ ಜೊತೆ ಬಂದ ಚೀಟಿ ನೋಡಿಕೊಳ್ಳಿ. ಒತ್ತಿದಾಗ ಅಂಕಿ ಕೆಳಗಿಳಿದರೆ ಹಸಿರು, ಬಿಳಿ ಅದಲು ಬದಲು ಮಾಡಿ.

ಈಗ ತುಂಬಾ ಜನ ಗಮನಿಸದ ವಿಷಯ. ಎಚ್‌ಎಕ್ಸ್711 ಸೆಕೆಂಡಿಗೆ 10 ಸಲ ಅಥವಾ 80 ಸಲ ಓದಬಲ್ಲದು. ಹೆಚ್ಚಿನ ಬೋರ್ಡ್‌ಗಳು 10ಕ್ಕೆ ಹೊಂದಿಸಿಕೊಂಡೇ ಬರುತ್ತವೆ. ತೂಕ ಹಾಕಲು ಅದು ಸಾಕು. 200 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ, ಅಲ್ವಾ? ನೀವು ಒತ್ತಿದ್ದು ಗೇಮ್‌ಗೆ ಅಷ್ಟು ತಡವಾಗಿ ಗೊತ್ತಾದರೆ ಏನು ಲಾಭ? ಚಿಪ್‌ನ ರೇಟ್ ಅನ್ನುವ 15ನೇ ಕಾಲನ್ನು ಗ್ರೌಂಡ್‌ನಿಂದ ಬಿಡಿಸಿ 5 ವೋಲ್ಟ್‌ಗೆ ಜೋಡಿಸಿದರೆ 80 ಆಗುತ್ತದೆ. ಕಾಲು ತೀರಾ ಸಣ್ಣದು, ಸೂಜಿ ಮೊನೆಯಿಂದ ನಿಧಾನಕ್ಕೆ ಎತ್ತಬೇಕು. ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆಂದೇ ಜಂಪರ್ ಇರುತ್ತದೆ, ಅಂಥದ್ದು ಸಿಕ್ಕರೆ ಬಿಡಬೇಡಿ.

ರಾಡ್ ಮತ್ತು ಸೆಲ್ ನಡುವೆ ಗಟ್ಟಿ ರಬ್ಬರ್ ಅಥವಾ ಪಾಲಿಯುರಿಥೇನ್ ಬುಷ್‌ಗಳನ್ನು ಒಂದರ ಮೇಲೊಂದು ಪೋಣಿಸಿ. ಮೊದಲಿಗೆ ಚಿಕ್ಕ ಸ್ಪ್ರಿಂಗ್, ಆಮೇಲೆ ಮೆದು ರಬ್ಬರ್, ಕೊನೆಗೆ ಗಟ್ಟಿಯದು. ಎಷ್ಟು, ಯಾವ ಕ್ರಮ ಅನ್ನುವುದು ನಿಮ್ಮ ಕಾಲಿಗೆ ಬಿಟ್ಟಿದ್ದು. ಸುಮ್ನೆ ಬದಲಿಸಿ ಬದಲಿಸಿ ನೋಡಿ.

ಗೇರ್: ಮೊದಲು ಸೀಕ್ವೆನ್ಷಿಯಲ್

ಲಿವರನ್ನು ಒಂದು ಸಲ ತಳ್ಳಿದರೆ ಅಥವಾ ಎಳೆದರೆ ಒಂದೊಂದೇ ಗೇರ್ ಏರುವ, ಇಳಿಯುವ ಬಗೆ ಇದು. ಒಂದು ಲಿವರ್, ಮುಂದೊಂದು ಹಿಂದೊಂದು ಮೈಕ್ರೋಸ್ವಿಚ್, ನಡುವಿಗೆ ವಾಪಸ್ ತರಲು ಎರಡು ಸ್ಪ್ರಿಂಗ್. ಮುಗಿಯಿತು. ಸ್ವಿಚ್‌ನ ಸಿ ಕಾಲು ಗ್ರೌಂಡ್‌ಗೆ, ಎನ್‌ಒ (ಒತ್ತಿದಾಗ ಮಾತ್ರ ಜೋಡಿಕೊಳ್ಳುವ) ಕಾಲು ಬೋರ್ಡಿನ ಪಿನ್‌ಗೆ. ಬೋರ್ಡಿನ ಒಳಗಿನ ಪುಲ್-ಅಪ್ (ಸ್ವಿಚ್ ಒತ್ತದಿದ್ದಾಗ ಪಿನ್ ಅನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ ರೆಸಿಸ್ಟರ್) ಬಳಸಿದರೆ ಬೇರೆ ರೆಸಿಸ್ಟರ್ ಬೇಡ. ಒಂದು ಸಲ ಎಳೆದರೆ ಎರಡು ಗೇರ್ ಬೀಳುವ ತೊಂದರೆ ತಪ್ಪಿಸಲು ಪ್ರೋಗ್ರಾಂನಲ್ಲಿ 10ರಿಂದ 20 ಮಿಲಿಸೆಕೆಂಡ್ ಡಿಬೌನ್ಸ್ ಇಡಿ, ಅಂದರೆ ಒಂದು ಒತ್ತು ಗೊತ್ತಾದ ಮೇಲೆ ಅಷ್ಟು ಹೊತ್ತು ಮುಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿ. ಲಿವರ್ ಬಂದು ನಿಲ್ಲಬೇಕಾದದ್ದು ರಬ್ಬರ್ ತಡೆಗೆ. ಸ್ವಿಚ್ಚೇ ತಡೆಯಾದರೆ ಅದರ ಆಯಸ್ಸು ಅಷ್ಟೇ. ನಡುವೆ ಒಂದು ಮ್ಯಾಗ್ನೆಟ್ ಇಟ್ಟು ಲಿವರನ್ನು ಹಿಡಿಸಿದರೆ, ಎಳೆದಾಗ ಟಕ್ ಅಂತ ಬಿಟ್ಟುಕೊಳ್ಳುವ ಅನುಭವ ಬರುತ್ತದೆ, ಅದು ಚೆನ್ನಾಗಿರುತ್ತದೆ.

ಎಚ್ ಆಕಾರದ ಶಿಫ್ಟರ್

ಮಾಮೂಲಿ ಕಾರಿನಲ್ಲಿರುವ ಹಾಗೆ ಪ್ರತಿ ಗೇರ್‌ಗೂ ಬೇರೆ ಜಾಗ ಇರುವ ಶಿಫ್ಟರ್ ಇದು, ಮಾಡುವುದು ಸ್ವಲ್ಪ ಕಷ್ಟ. ಕಷ್ಟ ಎಲೆಕ್ಟ್ರಾನಿಕ್ಸ್‌ನಲ್ಲಿಲ್ಲ, ಗೇಟ್ ಪ್ಲೇಟ್ (ಲಿವರ್ ಓಡಾಡುವ ಸೀಳುಗಳಿರುವ ತಟ್ಟೆ) ಕತ್ತರಿಸುವುದರಲ್ಲಿದೆ. ಲಿವರ್ 10 ಮಿ.ಮೀ. ದಪ್ಪ ಇದ್ದರೆ ಸೀಳು 11 ಮಿ.ಮೀ. ಇರಲಿ. ಒಳಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ 2ರಿಂದ 3ಕ್ಕೆ ಹೋಗುವಾಗ ಪ್ರತಿ ಸಲ ತಡವರಿಸುತ್ತದೆ. ಕೆಳಗೆ ಲಿವರ್ ಎಲ್ಲ ಕಡೆ ವಾಲಲು ಒಂದು ರಾಡ್ ಎಂಡ್ ಬೇರಿಂಗ್ ಬೇಕು.

ಗೇರ್ ಗುರುತಿಸಲು ಎರಡು ದಾರಿ. ಪ್ರತಿ ಗೇರ್‌ಗೆ ಒಂದೊಂದು ಮೈಕ್ರೋಸ್ವಿಚ್, ಇಲ್ಲವೇ ಎಡ-ಬಲಕ್ಕೊಂದು, ಮುಂದೆ-ಹಿಂದೆಗೊಂದು ಅಂತ ಎರಡು ಹಾಲ್ ಸೆನ್ಸರ್. ಎರಡನೆಯದರಲ್ಲಿ ವೈರ್ ಕಮ್ಮಿ, ನನ್ನ ಓಟು ಅದಕ್ಕೆ. ಗೇರ್ ಬೀಳುವ ಗಡಿ ಮತ್ತು ಬಿಡುವ ಗಡಿ ಬೇರೆ ಬೇರೆ ಇಡಿ: 80 ಶೇಕಡಾ ದಾಟಿದಾಗ ಬೀಳಲಿ, 60ಕ್ಕಿಂತ ಕೆಳಗಿಳಿದಾಗ ಬಿಡಲಿ. ಒಂದೇ ಗಡಿ ಇಟ್ಟರೆ ಕೈ ನಡುಗಿದಾಗೆಲ್ಲ ಗೇರ್ ನ್ಯೂಟ್ರಲ್‌ಗೆ ಜಾರುತ್ತದೆ. ರಿವರ್ಸ್‌ಗೆ ಲಿವರ್ ಕೆಳಗೆ ಒತ್ತಿದರೆ ಮಾತ್ರ ಬೀಳುವ ಹಾಗೆ ಒಂದು ಸ್ವಿಚ್ ಸೇರಿಸಿ.

ಕೊನೆಯ ಹೊಂದಾಣಿಕೆ

ವಿಂಡೋಸ್‌ನಲ್ಲಿ ರನ್ ತೆರೆದು ಜಾಯ್ ಡಾಟ್ ಸಿಪಿಎಲ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ನಿಮ್ಮ ಸಾಧನ ಕಾಣುತ್ತದೆ. ಗೇಮ್ ತೆರೆಯುವ ಮೊದಲು ಇಲ್ಲೇ ಎಲ್ಲ ಪೆಡಲ್ ಒತ್ತಿ ನೋಡಿ. ಕಾಲು ಇಡದಿದ್ದರೂ ಅಂಕಿ ನಡುಗುತ್ತಿದ್ದರೆ ಸಿಗ್ನಲ್ ಮತ್ತು ಗ್ರೌಂಡ್ ನಡುವೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ, ವೈರ್‌ಗಳನ್ನು ಸ್ಟೀರಿಂಗ್ ಮೋಟಾರ್‌ನಿಂದ ದೂರ ತನ್ನಿ. ಎರಡೂ ತುದಿಯಲ್ಲಿ 2-3 ಶೇಕಡಾ ಡೆಡ್ ಝೋನ್, ಅಂದರೆ ಒತ್ತಿದರೂ ಲೆಕ್ಕಕ್ಕೆ ಬಾರದ ಜಾಗ, ಬಿಡಿ. ಬ್ರೇಕ್‌ನ 100 ಶೇಕಡಾ ಎಲ್ಲಿ ಅನ್ನುವುದನ್ನು ಕೂತಲ್ಲೇ ತೀರ್ಮಾನಿಸಬೇಡಿ. ಅರ್ಧ ಗಂಟೆ ಓಡಿಸಿ, ಕಾಲು ದಣಿದ ಮೇಲೂ ಆ ಒತ್ತಡ ಕೊಡಲು ಆಗುತ್ತದೆಯೇ ನೋಡಿ. ಆಗದಿದ್ದರೆ ಸ್ವಲ್ಪ ಇಳಿಸಿ.

ಹಳೆಯ ಕೆಲವು ಗೇಮ್‌ಗಳು ಒಂದಕ್ಕಿಂತ ಹೆಚ್ಚು ಯುಎಸ್‌ಬಿ ಸಾಧನ ಇದ್ದರೆ ಗೊಂದಲ ಮಾಡಿಕೊಳ್ಳುತ್ತವೆ. ಪೆಡಲ್, ಶಿಫ್ಟರ್ ಎರಡನ್ನೂ ಒಂದೇ ಬೋರ್ಡಿಗೆ ತಂದರೆ ಒಂದು ಸಾಧನವಾದರೂ ಕಮ್ಮಿಯಾಗುತ್ತದೆ. ಲಿಯೊನಾರ್ಡೊದಲ್ಲಿ ಅದಕ್ಕೆ ಬೇಕಾದಷ್ಟು ಪಿನ್‌ಗಳಿವೆ.