ಹಾಯಿದೋಣಿಯ ಗಾಳಿಮಾಪಕ: ಮೂರು ಡಿಗ್ರಿ ತಪ್ಪಿದರೆ ಏನಾಗುತ್ತದೆ?

ಹಾಯಿದೋಣಿಯ ಮಾಸ್ಟ್ (ಹಾಯಿ ಕಟ್ಟುವ ಕಂಬ) ತುದಿಯಲ್ಲಿ ಗಿರಗಿರ ತಿರುಗುವ ಮೂರು ಬಟ್ಟಲು, ಜೊತೆಗೊಂದು ಬಾಲದಂಥ ರೆಕ್ಕೆ ಇರುತ್ತದೆ. ಬಟ್ಟಲು ಗಾಳಿಯ ವೇಗ ಹೇಳುತ್ತದೆ, ರೆಕ್ಕೆ ದಿಕ್ಕು ಹೇಳುತ್ತದೆ. ಅಂಕಿ ತಪ್ಪು ಬಂದರೆ ಎಲ್ಲರೂ ಸೆನ್ಸರ್ ಅನ್ನೇ ಬೈಯುತ್ತಾರೆ. ಆದರೆ ತಪ್ಪು ಬಹಳ ಸಲ ಇರುವುದು ಅದನ್ನು ಕೂರಿಸಿದ ರೀತಿಯಲ್ಲಿ.

ಮೊದಲು ಜಾಗ ನೋಡಿ. ಹಾಯಿ ತನ್ನ ಸುತ್ತಲ ಗಾಳಿಯನ್ನು ಬಾಗಿಸುತ್ತದೆ. ಆ ಬಾಗು ಮಾಸ್ಟ್ ತುದಿಯ ಮೇಲೂ ಸ್ವಲ್ಪ ದೂರ ಇರುತ್ತದೆ. ಅದಕ್ಕೇ ಸೆನ್ಸರ್‌ಗೆ ಉದ್ದ ತೋಳು ಇರುವುದು. ತೋಳು ದೋಣಿಯ ಮುಂದಕ್ಕೆ ಚಾಚಿರಲಿ. ರೇಸ್ ದೋಣಿಗಳಲ್ಲಿ ಎತ್ತರದ ಕಂಬಿಯ ಮೇಲೆ ಕೂರಿಸುವುದೂ ಇದಕ್ಕೇ. ಪಕ್ಕದಲ್ಲೇ ವಿಎಚ್‌ಎಫ್ ರೇಡಿಯೊದ ಆಂಟೆನಾ ಇದ್ದರೆ ದೂರ ಸರಿಸಿ, ಅದರ ಹಿಂದೆ ಬರುವ ಗಾಳಿ ಕಲಕಿರುತ್ತದೆ.

ಸೆನ್ಸರ್ ಬುಡದ ಸ್ಕ್ರೂ ತೂತು ಕೊರೆಯುವ ಮುಂಚೆ ಮಧ್ಯದ ಗೆರೆ ಗುರುತು ಮಾಡಿಕೊಳ್ಳಿ. ಎರಡು ತೂತುಗಳ ನಡುವೆ 5 ಸೆಂ.ಮೀ. ಇದ್ದರೆ, ಒಂದು ತೂತು ಎರಡೂವರೆ ಮಿ.ಮೀ. ಪಕ್ಕಕ್ಕೆ ಹೋದರೂ ಸಾಕು, ತೋಳು ಸುಮಾರು 3 ಡಿಗ್ರಿ ಓರೆಯಾಗುತ್ತದೆ. ಮಾಸ್ಟ್ ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್ ಆದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ತುಕ್ಕು ತಡೆಯುವ ಪೇಸ್ಟ್ ಹಚ್ಚಿ. ಕೇಬಲ್ ಮಾಸ್ಟ್ ಒಳಗೆ ಇಳಿಯುವ ಕಡೆ ಕೆಳಕ್ಕೆ ಒಂದು ಬಳುಕು ಬಿಡಿ, ಮಳೆನೀರು ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಮಾಸ್ಟ್ ಬಿಚ್ಚಿ ಮಲಗಿಸಿದಾಗಲೇ ಇದೆಲ್ಲ ಮುಗಿಸಿದರೆ ಒಳ್ಳೆಯದು. ಹತ್ತಲೇಬೇಕೆಂದರೆ ಎರಡು ಹಗ್ಗ ಬೇಕು, ಒಂದು ಎತ್ತಲು, ಇನ್ನೊಂದು ಸುರಕ್ಷತೆಗೆ. ಕೊಂಡಿ ನಂಬದೆ ಹಗ್ಗವನ್ನೇ ಗಂಟು ಹಾಕಿ. ಸ್ಪ್ಯಾನರ್‌ಗೆ ದಾರ ಕಟ್ಟಿ, ಕೆಳಗೆ ಯಾರೂ ನಿಲ್ಲಬಾರದು.

ಇನ್ನು ಸರಿಹೊಂದಿಸುವುದು. ಕಡಲಗಾಳಿ ಏಳುವ ಮುಂಚೆ, ನೀರು ಕನ್ನಡಿಯಂತೆ ಇರುವ ಹೊತ್ತು ನೋಡಿ ಎಂಜಿನ್ ಹಾಕಿ ನೇರ ಹೋಗಿ. ಹರಿವಿಲ್ಲದ ಕಡೆ 5 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಹೋದರೆ ಮಾಪಕವೂ 5 ನಾಟ್, 0 ಡಿಗ್ರಿ, ಅಂದರೆ ನೇರ ಮುಂದಿನಿಂದ ಬರುವ ಗಾಳಿ, ತೋರಿಸಬೇಕು. ತಿರುಗಿ ಎದುರು ದಿಕ್ಕಿಗೂ ಹೋಗಿ, ಎರಡರ ಸರಾಸರಿ ತೆಗೆಯಿರಿ.

ಆಮೇಲೆ ಹಾಯಿ ಎತ್ತಿ. ಗಾಳಿಗೆ ಆದಷ್ಟು ಹತ್ತಿರ ಹಿಡಿದು, ಗಾಳಿ ಎಡಬದಿಯಿಂದ ಬರುವಂತೆ ಸ್ವಲ್ಪ ಹೊತ್ತು, ಬಲಬದಿಯಿಂದ ಬರುವಂತೆ ಸ್ವಲ್ಪ ಹೊತ್ತು ಓಡಿಸಿ. ಒಂದು ಕಡೆ 28, ಇನ್ನೊಂದು ಕಡೆ 34 ಡಿಗ್ರಿ ತೋರಿಸಿದರೆ ವ್ಯತ್ಯಾಸ 6. ಅದರ ಅರ್ಧ, 3 ಡಿಗ್ರಿ, ನಿಮ್ಮ ಬುಡ ಓರೆಯಾಗಿದೆ ಎಂದರ್ಥ. ಡಿಸ್‌ಪ್ಲೇಯ ಸೆಟ್ಟಿಂಗ್‌ನಲ್ಲಿ ಅಷ್ಟು ಸರಿಪಡಿಸಿದರೆ ಎರಡೂ ಕಡೆ 31 ಬರುತ್ತದೆ. ಮತ್ತೆ ಮಾಸ್ಟ್ ಹತ್ತುವುದು ಬೇಡ.

ಇಲ್ಲೇ ಒಂದು ಗೊಂದಲ ಆಗುತ್ತದೆ. ಎರಡೂ ಕಡೆ ಕೋನ ಸಮವಾಗಿಯೇ ಇದೆ, ಆದರೆ ಪ್ರತಿ ಸಲ ಬದಿ ಬದಲಿಸಿದಾಗ ಯಂತ್ರ ತೋರಿಸುವ ನಿಜವಾದ ಗಾಳಿಯ ದಿಕ್ಕೇ ಜಿಗಿಯುತ್ತದೆ. ಇದು ಬುಡದ ತಪ್ಪಲ್ಲ, ಹಾಯಿ ಬಾಗಿಸಿದ ಗಾಳಿಯದ್ದು. ಲೆಕ್ಕ ನೋಡಿ. ನಿಜವಾದ ಗಾಳಿ 10 ನಾಟ್, 45 ಡಿಗ್ರಿಯಿಂದ ಬೀಸುತ್ತಿದೆ, ದೋಣಿಯ ವೇಗ 6 ನಾಟ್ ಎಂದಿಟ್ಟುಕೊಳ್ಳಿ. ದೋಣಿಯ ಓಟವೂ ಸೇರಿ ಮಾಸ್ಟ್ ತುದಿಗೆ ತಾಗುವ ಗಾಳಿ ಸುಮಾರು 15 ನಾಟ್, 28 ಡಿಗ್ರಿ. ಯಂತ್ರ ಇದರಿಂದ ದೋಣಿಯ ವೇಗ ಕಳೆದು ನಿಜವಾದ ಗಾಳಿಯನ್ನು ಕಂಡುಹಿಡಿಯುತ್ತದೆ. ಎರಡೂ ಬದಿಯಲ್ಲಿ ಸೆನ್ಸರ್ 3 ಡಿಗ್ರಿ ಜಾಸ್ತಿ ತೋರಿಸಿದರೆ, ಯಂತ್ರ 45ರ ಬದಲು 49 ಎಂದು ಲೆಕ್ಕ ಹಾಕುತ್ತದೆ. ಬದಿ ಬದಲಿಸಿದೊಡನೆ ಗಾಳಿ 8 ಡಿಗ್ರಿ ತಿರುಗಿದಂತೆ ಕಾಣುತ್ತದೆ. ರೇಸ್‌ನಲ್ಲಿ ಇದನ್ನು ನಂಬಿದರೆ ಕೆಟ್ಟೆವು ಅಲ್ವಾ? ಒಂದೇ ಅಂಕಿ ಕೂಡಿ ಕಳೆದರೆ ಇದು ಹೋಗುವುದಿಲ್ಲ. ತೋಳು ಉದ್ದ ಮಾಡಬೇಕು, ಇಲ್ಲವೇ ದುಬಾರಿ ಯಂತ್ರಗಳಲ್ಲಿರುವ ತಿದ್ದುಪಡಿ ಪಟ್ಟಿ ತುಂಬಬೇಕು. ಆದರೆ ಅದಕ್ಕೂ ಮುಂಚೆ ದೋಣಿಯ ತಳದ ವೇಗಮಾಪಕದ ಚಕ್ರ ತೊಳೆಯಿರಿ. ಪಾಚಿ ಹಿಡಿದು ವೇಗ ಕಡಿಮೆ ತೋರಿಸಿದರೂ ಇದೇ ರೀತಿಯ ಜಿಗಿತ ಬರುತ್ತದೆ.

ಅಲೆ ಎದ್ದಾಗ ಅಂಕಿ ಕುಣಿಯುವುದು ಸಹಜ. 15 ಮೀಟರ್ ಮಾಸ್ಟ್ ಒಂದೂವರೆ ಸೆಕೆಂಡಿನಲ್ಲಿ 10 ಡಿಗ್ರಿ ವಾಲಿದರೆ, ತುದಿಯ ವೇಗ ಮೂರು ನಾಟ್‌ಗೂ ಮೀರುತ್ತದೆ. ಆಗ ಡ್ಯಾಂಪಿಂಗ್ (ಅಂಕಿಯ ಕುಣಿತ ತಗ್ಗಿಸುವ) ಸೆಟ್ಟಿಂಗ್ ಜಾಸ್ತಿ ಮಾಡಿ, ಶಾಂತ ನೀರಿನಲ್ಲಿ ಮತ್ತೆ ಇಳಿಸಿ.

ಮಳೆಗಾಲಕ್ಕೆ ದೋಣಿ ದಡಕ್ಕೆ ಎಳೆಯುವಾಗ ತೋಳು ಬಿಚ್ಚಿ ಒಳಗಿಡಿ, ಬುಡದ ಪಿನ್‌ಗಳಿಗೆ ಮುಚ್ಚಳ ಹಾಕಿ. ಮುಂದಿನ ಸಲ ಜೋಡಿಸಿದಾಗ ಎರಡು ಬದಿಯ ಪರೀಕ್ಷೆ ಮತ್ತೊಮ್ಮೆ ಮಾಡಿ.